ಮೂರನೆಯ ವರ್ಷದ ಮಾತು

ವಿರುಪಾಕ್ಷಪ್ಪ ಮಾಸ್ತರರಷ್ಟು ವ್ಯವಸ್ಥಿತವಾಗಿ ಕನ್ನಡ ಕಲಿಸುವವರು ಇಡೀ ನವಿ ಮುಂಬಯಿಯಲ್ಲಿ ಇರಲಾರರು. ಅವರ ರವಿವಾರದ ವರ್ಗದಲ್ಲಿ ಕೂರುವ ನನ್ನ ಮಗ ಪೃಥ್ವಿರಾಜನಿಗೆ ಈಟಿ, ಊರುಗೋಲು, ಓತಿಕೇತ ಎಂದು ತಪ್ಪಿಲ್ಲದೆ ಬರೆಯಲು ಬರುತ್ತದೆ. ಹೊಟ್ಟೆ ಹಸಿದಾಗ ಮಾತ್ರ ಅವನು "ಮಮ್ಮಾ, ಭೂಕ್ ಲಗೀ ಹೈ" ಎನ್ನುತ್ತಾನೆ. ಹಸಿವು ಇನ್ನೂ ಪಠ್ಯದಲ್ಲಿ ಬಂದಿಲ್ಲ.

ಮಾಸ್ತರರು ಗದಗಿನ ಕಡೆಯವರು. ಮುಂಬಯಿಯ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ತಲೆ ನರೆಯುವ ತನಕ ಪಾಠ ಮಾಡಿದರು. ಮಕ್ಕಳಿಲ್ಲದೆ ಶಾಲೆ ಮುಚ್ಚಿತು. ಈಗ ಕೋಪರಖೈರಣೆಯಲ್ಲಿ, ನಮ್ಮ ಹಿಂದಿನ ಗಲ್ಲಿಯಲ್ಲಿ, ಹೆಂಡತಿ ಸುಶೀಲಾಬಾಯಿಯ ಜೊತೆ ಇದ್ದಾರೆ. ನಮ್ಮ ಕನ್ನಡ ಸಂಘದವರು ಹೋಗಿ ಮಕ್ಕಳಿಗೆ ಕನ್ನಡ ಕಲಿಸ್ತೀರಾ ಎಂದಾಗ ಅವರು ಸಂಬಳ ಕೇಳಲಿಲ್ಲ. ಪಠ್ಯಕ್ರಮ ಸಮಿತಿ ಇದೆಯೇ ಎಂದು ಕೇಳಿದರು. ಇರಲಿಲ್ಲ, ಮಾಡಿದೆವು.

ಆ ಸಮಿತಿಯಲ್ಲಿ ನಾನು ತಾಯಂದಿರ ಪ್ರತಿನಿಧಿ, ಅಂದರೆ ಚಹಾ ತರಿಸುವವಳು. ಮಾಸ್ತರರು ಹಲಗೆಯ ಮೇಲೆ ಮೂರು ತತ್ವ ಬರೆದರು. ಸರಳದಿಂದ ಕಠಿಣಕ್ಕೆ. ತಿಳಿದದ್ದರಿಂದ ತಿಳಿಯದ್ದಕ್ಕೆ. ಹಿಂದಿನದು ಗಟ್ಟಿಯಾಗದೆ ಮುಂದಿನದು ಇಲ್ಲ. ಇವಕ್ಕೆ ಯಾರ ತಕರಾರೂ ಇರಲಿಲ್ಲ. ಮಕ್ಕಳಿಗೆ ತಿಳಿದದ್ದು ಯಾವುದು ಎಂಬಲ್ಲಿ ತಕರಾರು ಶುರುವಾಯಿತು.

"ರ ಅಂದ್ರ ರೊಟ್ಟಿ" ಎಂದರು ಮಾಸ್ತರರು.

ವಾಶಿಯಲ್ಲಿ ಹೋಟೆಲು ನಡೆಸುವ ಕುಶಲ ಶೆಟ್ಟರು ಕುರ್ಚಿ ಮುಂದಕ್ಕೆಳೆದರು. "ಯಾವ ರೊಟ್ಟಿ ಮಾರಾಯ್ರೆ? ನಮ್ಮ ಮಕ್ಕಳಿಗೆ ರೊಟ್ಟಿ ಅಂದ್ರೆ ಕೋರಿ ರೊಟ್ಟಿ. ಕೋಳಿ ಸಾರು ಹೊಯ್ದು ತಿನ್ನುದು."

"ಪುಸ್ತಕದಾಗ ಕೋಳಿ ಸಾರು ಹಾಕಿದ್ರ ನಮ್ಮ ಮಂದಿ ಹುಡುಗುರನ್ನ ಕಳಸ್ತಾರೇನ್ರೀ ಶೆಟ್ರ?"

"ಹಾಗಾದ್ರೆ ನಿಮ್ಮ ಜೋಳವೂ ಬೇಡ, ಬಿಡಿ."

ರೊಟ್ಟಿ ಹೋಯಿತು. ಅದರ ಬೆನ್ನಿಗೇ ನೀರುದೋಸೆ, ಝುಣಕ, ಪತ್ರೊಡೆ ಹೋದವು. ಚಿಕ್ಕಪ್ಪನೋ ಕಾಕಾನೋ ಎಂದು ತೀರ್ಮಾನವಾಗದೆ ನೆಂಟರಿಷ್ಟರೂ ಹೋದರು. ಕೊನೆಗೆ ಯಾವ ಕಡೆಯವರಿಗೂ ಬೇಸರವಾಗದ ಶಬ್ದಗಳನ್ನು ಮಾತ್ರ ಇಟ್ಟುಕೊಳ್ಳುವುದೆಂದು ಠರಾವಾಯಿತು. ಈಟಿ, ಊರುಗೋಲು, ಓತಿಕೇತ ಉಳಿದುಕೊಂಡವು. ಯಾರ ಮನೆಯಲ್ಲೂ ಇಲ್ಲದ್ದರಿಂದ ಅವಕ್ಕೆ ಆಕ್ಷೇಪವಿರಲಿಲ್ಲ. ಮೊದಲ ವರ್ಷ ಅಕ್ಷರ, ಎರಡನೆಯ ವರ್ಷ ವಾಕ್ಯ, ಮೂರನೆಯ ವರ್ಷ ಸಂಭಾಷಣೆ. ಎಲ್ಲರೂ ಚಪ್ಪಾಳೆ ತಟ್ಟಿ ವಡೆ ತಿಂದೆವು. ನಾನೂ ತಟ್ಟಿದೆ, ಮನೆಯಲ್ಲಿ ತುಳು ಕೇಳಿ, ಹಿಂದಿ ಆಡಿ ಬೆಳೆಯುವ ಹುಡುಗನಿಗೆ ಯಾರಾದರೂ ಏನಾದರೂ ಕಲಿಸಿದರೆ ಸಾಕೆಂದು.

ವರ್ಗ ಶಿಸ್ತಿನಿಂದ ನಡೆಯಿತು. ಯಾವುದಾದರೂ ಮಗು, ಸರ್, ಪಾನಿ ಬೇಕು ಅಂತ ಕನ್ನಡದಲ್ಲಿ ಹೇಗೆ ಹೇಳುವುದು ಎಂದು ಕೇಳಿದರೆ ಮಾಸ್ತರರು ಸಿಟ್ಟಾಗುತ್ತಿರಲಿಲ್ಲ. "ಅದು ಮುಂದಿನ ವರ್ಷ ಬರ್ತದ. ಈಗ ಗಪ್ಪ್ ಕೂಡ್ರಿ" ಎನ್ನುತ್ತಿದ್ದರು. ಒಂದು ರವಿವಾರಕ್ಕೆ ಎಷ್ಟು ಸಲ ಎನ್ನುತ್ತಿದ್ದರೋ.

ಆ ವರ್ಗದಲ್ಲಿ ಅವರ ಮೊಮ್ಮಗಳು ಅಶ್ಮಿತಾ ಕೂಡ ಇದ್ದಳು. ಮಗ ರವಿಕಿರಣ ಐರೋಲಿಯ ಕಂಪನಿಯೊಂದರಲ್ಲಿ ಇದ್ದಾನೆ. ಸೊಸೆ ವೈಶಾಲಿ ಠಾಣೆಯ ಮರಾಠಿ ಹುಡುಗಿ. ಅಶ್ಮಿತಾಳಿಗೆ ಅಜ್ಜ ಫೋನಿನಲ್ಲಿ ಅಪ್ಪನಿಗೆ ಬೈಯುವುದೆಲ್ಲ ಅರ್ಥವಾಗುತ್ತಿತ್ತು, ಉತ್ತರ ಕೊಡುವುದು ಮರಾಠಿಯಲ್ಲಿ. ಅಜ್ಜನೂ ಅವಳೊಡನೆ ಹರಕು ಮರಾಠಿಯಲ್ಲೇ ಮಾತಾಡುತ್ತಿದ್ದರು. ಕಲಿಸದ ವಾಕ್ಯವನ್ನು ಮಗುವಿನ ಮೇಲೆ ಹೇರಬಾರದಲ್ಲ. ವಾರವೆಲ್ಲ ಕಾದು, ರವಿವಾರ ಬೆಳಿಗ್ಗೆ ಅವಳ ಪೆನ್ಸಿಲನ್ನು ತಾವೇ ಚೂಪು ಮಾಡಿ ಮುಂದಿನ ಬೆಂಚಿನ ಮೇಲೆ ಇಡುತ್ತಿದ್ದರು.

"ಮೂರನೇ ವರ್ಷಕ್ಕ ಬಂದ್ಲಂದ್ರ ನನ್ನ ಜೋಡಿ ಮಾತಾಡ್ತಾಳ್ರೀ ಸೌಜನ್ಯಾ" ಎಂದು ಒಮ್ಮೆ ನನಗೆ ಹೇಳಿದ್ದರು. ಅಷ್ಟರಲ್ಲಿ ಅವರಿಗೆ ಎಷ್ಟು ವಯಸ್ಸಾಗುತ್ತದೆ ಎಂದು ನಾನು ಲೆಕ್ಕ ಹಾಕಲು ಹೋಗಲಿಲ್ಲ.

ದೀಪಾವಳಿ ರಜೆ ಮುಗಿದ ಮೇಲಿನ ರವಿವಾರ ವೈಶಾಲಿ ಮಗಳ ಜೊತೆ ತಾನೂ ಬಂದು ಹಿಂದೆ ಕುಳಿತಳು. ಐರೋಲಿಯಲ್ಲಿ ಅವರ ಸೊಸೈಟಿಯಲ್ಲೇ ಇದೇ ಹೊತ್ತಿಗೆ ರೋಬೋಟಿಕ್ಸ್ ವರ್ಗ ಶುರುವಾಗಿತ್ತು. ಕನ್ನಡದಲ್ಲಿ ಏನಾದರೂ ಕಲಿತಿದ್ದರೆ ಇಲ್ಲಿಗೆ, ಇಲ್ಲದಿದ್ದರೆ ಅಲ್ಲಿಗೆ ಎಂದು ಅವಳು ಮಾವನಿಗೆ ನೇರವಾಗಿಯೇ ಹೇಳಿದಳು. ಒರಟಾಗಿ ಅಲ್ಲ, ರವಿವಾರ ಒಂದೇ ಇರುವ ತಾಯಿಯ ದನಿಯಲ್ಲಿ. ಆ ದನಿ ನನಗೂ ಗೊತ್ತು.

ಮಾಸ್ತರರು ಸೀಮೆಸುಣ್ಣ ತೆಗೆದುಕೊಂಡರು. ಈಟಿ ಎಂದು ಬರೆದರು. ಅಶ್ಮಿತಾ ಗಂಟೆ ಹೊಡೆದಂತೆ ಓದಿದಳು.

"ಮ್ಹಣಜೇ ಕಾಯ್?" ವೈಶಾಲಿ ಅರ್ಥ ಕೇಳಿದಳು.

ಹುಡುಗಿ ಅಜ್ಜನ ಮುಖ ನೋಡಿದಳು. ಅರ್ಥ ಎರಡನೆಯ ವರ್ಷದ ಭಾಗ.

"ಬರಂ, ರಾಹೂ ದೇ. ಅದು ಬಿಡು, ಕನ್ನಡದಲ್ಲಿ ನನಗೆ ಏನಾದರೂ ಹೇಳು" ಎಂದು ವೈಶಾಲಿ ಮರಾಠಿಯಲ್ಲೇ ಅಂದಳು. "ಯಾವುದಾದರೂ ಒಂದು ಮಾತು."

ಮಾಸ್ತರರು ಬಾಯಿ ತೆರೆದರು, ಬಹುಶಃ ಪಠ್ಯಕ್ರಮದಲ್ಲಿ ಸಂಭಾಷಣೆಯ ಸ್ಥಾನದ ಬಗ್ಗೆ ವಿವರಿಸಲು. ಅಷ್ಟರಲ್ಲಿ ಅಶ್ಮಿತಾ ಎದ್ದುನಿಂತು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿದಂತೆ ನಟಿಸಿ, ಗದಗಿನ ರಾಗದಲ್ಲಿ ಅಮ್ಮನಿಗೆ ಹೇಳಿದಳು. "ಅದು ಮುಂದಿನ ವರ್ಷ ಬರ್ತದ. ಈಗ ಗಪ್ಪ್ ಕೂಡ್ರಿ."

ಮಕ್ಕಳೆಲ್ಲ ಒಂದೇ ಸಲ ನಕ್ಕರು. ನನ್ನ ಪೃಥ್ವಿಯೂ ಅದನ್ನೇ ಹೇಳಿ ತೋರಿಸಿದ, ಇನ್ನೊಂದು ಹುಡುಗಿಯೂ. ಎಲ್ಲರಿಗೂ ಬರುತ್ತಿತ್ತು, ರಾಗಸಮೇತ.

"ಗಪ್ಪ್ ಮ್ಹಣಾಲೀ ಮಲಾ?" ತನಗೇ ಗಪ್ಪ್ ಎಂದ ಆ ಮಾತಂತೂ ವೈಶಾಲಿಗೆ ಅರ್ಥವಾಗಿತ್ತು. ಬೈಯಬೇಕೋ ನಗಬೇಕೋ ತಿಳಿಯದೆ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡಳು.

"ಇದು ನಾ ಕಲಿಸಿದ್ದಲ್ಲ" ಎಂದರು ಮಾಸ್ತರರು, ತೀರ ಗಾಬರಿಯಿಂದ. "ಇದು ಕ್ರಮದಾಗ ಇಲ್ಲ."

ಡಬ್ಬಿಯಲ್ಲಿ ಚಕ್ಕುಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಸುಶೀಲಾಬಾಯಿ ಹೇಳಿದರು, "ನೀವ ಕಲಿಸಿದ್ದ್ರೀ. ಅದೊಂದ ಕಲಿಸಿದ್ದು."

ಆಮೇಲೆ ಉಳಿದದ್ದು ಹೆಂಗಸರ ಮಾತುಕತೆ. ರೋಬೋಟಿಕ್ಸ್ ಶನಿವಾರವೂ ಇದೆಯಂತೆ ಎಂದು ನಾನು ವೈಶಾಲಿಯ ಕಿವಿಗೆ ಹಾಕಿದೆ. ಅವಳು ಸ್ವಲ್ಪ ಯೋಚಿಸಿ ಒಂದು ಷರತ್ತು ಇಟ್ಟಳು: ಕರೆತರುವ, ಬಿಡುವ ಕೆಲಸ ತನಗೂ ಬೇಡ, ರವಿಕಿರಣನಿಗೂ ಬೇಡ, ಅಜ್ಜನೇ ಬಂದು ಕರೆದುಕೊಂಡು ಹೋಗಲಿ. ಮಾಸ್ತರರು ತಕ್ಷಣ ಒಪ್ಪಿದರು. ಪಠ್ಯಕ್ರಮದಲ್ಲಿ ಏನೂ ಬದಲಾಗುವುದಿಲ್ಲ ಎಂದೂ ಸ್ಪಷ್ಟಪಡಿಸಿದರು. ಅದನ್ನು ಯಾರೂ ಕೇಳಿರಲಿಲ್ಲ.

ಅಜ್ಜ ಹೀಗೆ ಕರೆತರತೊಡಗಿ ಕೆಲವು ತಿಂಗಳಾದವು. ಈ ರವಿವಾರ ಐರೋಲಿಯಲ್ಲಿರುವ ಅಕ್ಕನ ಮನೆಯಿಂದ ಪೃಥ್ವಿಯನ್ನು ಕರೆದುಕೊಂಡು ನೇರ ವರ್ಗಕ್ಕೆ ಹೊರಟಿದ್ದೆ. ಲೋಕಲ್ ರೈಲಿನಲ್ಲಿ ನಮ್ಮ ಹಿಂದಿನ ಸೀಟಿನಲ್ಲೇ ಅಜ್ಜ, ಮೊಮ್ಮಗಳು. ಅವರು ನಮ್ಮನ್ನು ನೋಡಲಿಲ್ಲ. ನಾನೂ ಮಾತಾಡಿಸಲಿಲ್ಲ.

"ಅಜ್ಜಾ, ಖಿಡಕಿ ನಂದು. ನೀ ಸರಿ."

"ಹ್ವಾದ ವಾರನೂ ನೀನ ಕೂತಿದ್ದಿ."

"ನಿನಗ ಗಾಳಿ ಬಂದ್ರ ಖೋಕಲಾ ಬರ್ತದ. ಆಜಿ ಹೇಳ್ಯಾಳ."

"ಕೆಮ್ಮು ಬರಲಾರದಂಗ ಕೂಡ್ತೀನಿ, ಬಿಡು."

"ನೀ ಭಾಳ ಹಟ ಮಾಡ್ತಿ ಅಜ್ಜಾ. ಆಜಿ ಮುಂದ ಹೇಳ್ತೀನಿ ನೋಡು."

"ಹೇಳು. ನಿಮ್ಮ ಆಜಿಗೇನ್ ಅಂಜ್ತೀನೇನು?"

"ಅಂಜ್ತಿ."

ಮಾಸ್ತರರು ನಕ್ಕರು, ಅವಳಿಗೆ ಕಿಟಕಿ ಬಿಟ್ಟುಕೊಟ್ಟರು. ರಬಾಳೆಯಿಂದ ಘನಸೋಲಿಯ ತನಕ ಅಜ್ಜಿಗೆ ಅಂಜುವ ಬಗ್ಗೆಯೇ ಜಗಳ. ಕೋಪರಖೈರಣೆ ಬಂದಾಗ ಅವರು ಎದ್ದು, ಅಂಗಿ ಸರಿಮಾಡಿಕೊಂಡು, ಮೊಮ್ಮಗಳ ಕೈ ಹಿಡಿದರು.

"ನಡಿ, ಹೊತ್ತಾತು. ದಾರಿ ತುಂಬ ಬರೇ ಹರಟಿ. ಇವತ್ತರೆ ಒಂದಿಷ್ಟು ಕನ್ನಡ ಕಲಿ."