ಮಾಸ್ತರರ ವಿಂಡೋಸ್ 98

ಕೋವಿಡ್ ಬರುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಆಗ ನಾನು ಹುಮನಾಬಾದಿನ ಒಂದು ಖಾಸಗಿ ಕಂಪ್ಯೂಟರ್ ಏಜೆನ್ಸಿಯಲ್ಲಿ ಹಿರಿಯ ಸರ್ವಿಸ್ ಎಂಜಿನಿಯರ್. ಹುಮನಾಬಾದ್, ಬಸವಕಲ್ಯಾಣ, ಚಿಟಗುಪ್ಪ, ಹುಲಸೂರ ಸುತ್ತಲಿನ ಮೂವತ್ತೊಂದು ಶಾಲೆಗಳಲ್ಲಿ ಹಳೆಯ ಕಂಪ್ಯೂಟರ್ ತೆಗೆದು ಹೊಸದನ್ನು ಕೂಡಿಸುವ ಗುತ್ತಿಗೆ ನಮಗೆ ಸಿಕ್ಕಿತ್ತು. ಎರಡು ತಿಂಗಳ ಗಡುವು. ಅದನ್ನು ನಾನು ಒಂಬತ್ತು ದಿನ ಮೊದಲೇ ಮುಗಿಸಿದೆ; ಏಜೆನ್ಸಿಯ ಮಾಲೀಕರು ಶಾಲು ಹೊದಿಸಿ ಚಪ್ಪಾಳೆ ತಟ್ಟಿಸಿದರು. ಆ ದಿನ ಬಿಟ್ಟರೆ ಆ ಶಾಲನ್ನು ನಾನು ಇವತ್ತಿನವರೆಗೆ ಮೈಮೇಲೆ ಹಾಕಿಕೊಂಡಿಲ್ಲ. ಯಾಕೆಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಳೆಯ ಕಂಪ್ಯೂಟರ್ ಹಿಡಿದುಕೊಂಡು ಕೂತವರನ್ನು ಕಂಡರೆ ನನಗೆ ಆಗ ಮೈಯೆಲ್ಲ ಉರಿಯುತ್ತಿತ್ತು. ಮನ್ನಾಏಖೇಳ್ಳಿಯ ಬಸ್ ನಿಲ್ದಾಣದ ಎದುರು ಅಣವೀರಪ್ಪ ಎಂಬುವರ ಝೆರಾಕ್ಸ್ ಅಂಗಡಿ ಇದೆ. ಅವರು ವಿಂಡೋಸ್ ಎಕ್ಸ್‌ಪಿ ಬಿಟ್ಟು ಕದಲುತ್ತಿರಲಿಲ್ಲ. "ನನ್ನ ಪ್ರಿಂಟರ್ ಹೊಸಾದರಾಗ ನಡ್ಯಂಗಿಲ್ರಿ ಸಾಹೇಬ್ರ. ಪ್ರಿಂಟರ್ ಅಂತೂ ಗಟ್ಟಿಮುಟ್ಟ ಅದ. ಸುಮ್ಮಸುಮ್ಮಕ ಯಾಕ ಒಗೀಲಿ?" ಎನ್ನುತ್ತಿದ್ದರು. ಅವರ ಮಾತು ನಿಜವೇ. ಪ್ರಿಂಟರ್ ಮತ್ತು ಕಂಪ್ಯೂಟರ್ ನಡುವೆ ಮಾತುಕತೆ ನಡೆಸಿಕೊಡುವ ಒಂದು ಸಣ್ಣ ತಂತ್ರಾಂಶ ಬೇಕು, ಅದಕ್ಕೆ ಡ್ರೈವರ್ ಎನ್ನುತ್ತಾರೆ. ಹಳೆಯ ಪ್ರಿಂಟರಿಗೆ ಹೊಸ ವಿಂಡೋಸಿನ ಡ್ರೈವರ್ ಯಾರೂ ಬರೆದಿರಲಿಲ್ಲ. ಇದು ನನಗೆ ಗೊತ್ತಿದ್ದೂ, "ಏನ್ರಿ ಅಣವೀರಪ್ಪ, ಎತ್ತಿನ ಗಾಡ್ಯಾಗ ಹೈದರಾಬಾದ್ ಮುಟ್ಟಾವ್ರೇನು?" ಎಂದು ಗಿರಾಕಿಗಳೆದುರೇ ನಗಾಡುತ್ತಿದ್ದೆ. ಹೆದರಿಕೆ, ಸೋಮಾರಿತನ, ಜಿಪುಣತನ, ಈ ಮೂರು ಬಿಟ್ಟರೆ ಹಳೆಯದಕ್ಕೆ ಅಂಟಿಕೊಳ್ಳಲು ಬೇರೆ ಕಾರಣವಿಲ್ಲ ಎಂಬುದು ನನ್ನ ತೀರ್ಮಾನ.

ನನ್ನ ಪಟ್ಟಿಯಲ್ಲಿ ಬಸವಕಲ್ಯಾಣದ ಒಂದು ಅಂಧ ಮಕ್ಕಳ ವಸತಿ ಶಾಲೆಯೂ ಇತ್ತು. ಅಲ್ಲಿನ ವಿಜ್ಞಾನದ ಶಿಕ್ಷಕರು ಶರಣಪ್ಪ ಮಾಸ್ತರರು. ಅವರಿಗೂ ಹುಟ್ಟಿನಿಂದ ದೃಷ್ಟಿ ಇಲ್ಲ. ಅವರ ಕೋಣೆಯಲ್ಲಿ ವಿಂಡೋಸ್ 98 ಹಾಕಿದ ಒಂದು ಕಂಪ್ಯೂಟರು, ಅದಕ್ಕೆ ಜೋಡಿಸಿದ ಒಂದು ಎಂಬಾಸರು ಇದ್ದವು. ಎಂಬಾಸರ್ ಎಂದರೆ ದಪ್ಪ ಕಾಗದದ ಮೇಲೆ ಉಬ್ಬುಚುಕ್ಕೆಗಳನ್ನು ಒತ್ತುವ ಪ್ರಿಂಟರ್. ಆ ಚುಕ್ಕೆಗಳೇ ಬ್ರೈಲ್ ಅಕ್ಷರ. ಪರದೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೂ ಆ ಕಂಪ್ಯೂಟರಿನಲ್ಲಿತ್ತು. ಅದರ ದನಿ ಮೂಗಿನಿಂದ ಬಂದಂತೆ ಕೇಳಿಸುತ್ತಿತ್ತು.

ಪರಿಶೀಲನೆಗೆಂದು ನಾನು ಮೊದಲ ಸಲ ಹೋದಾಗ ದೀಪಾವಳಿ ಮುಗಿದು ವಾರವಾಗಿತ್ತು. ಮಾಸ್ತರರು ನನಗೆ ಕುರ್ಚಿ ಕೊಟ್ಟು, ಚಹಾ ತರಿಸಿ, ಅರ್ಧ ತಾಸು ವಿವರಿಸಿದರು. ಹೊರಗಿನಿಂದ ತರಿಸಿದ ಬ್ರೈಲ್ ಪುಸ್ತಕಗಳಲ್ಲಿ ಪಾಠ ಇರುತ್ತದೆ, ಚಿತ್ರ ಇರುವುದಿಲ್ಲ. ಹೃದಯ ಹೇಗಿದೆ, ಕಣ್ಣು ಹೇಗಿದೆ ಎಂದು ಮಕ್ಕಳಿಗೆ ಬಾಯಲ್ಲಿ ಹೇಳಿದರೆ ತಿಳಿಯದು. ಅದಕ್ಕೆ ಅವರು ಏಳು ವರ್ಷ ಕೂತು ಚುಕ್ಕೆ ಚುಕ್ಕೆ ಸೇರಿಸಿ ನಲವತ್ತಮೂರು ಚಿತ್ರ ಮಾಡಿದ್ದರು. ಅಡುಗೆ ಮಾಡುವ ಶಾಂತಾಬಾಯಿ ಕಣ್ಣಿದ್ದವರು. ಅವರು ಮಾಸ್ತರರ ಬೆರಳು ಹಿಡಿದು ಕಣ್ಣಿದ್ದ ಮಕ್ಕಳ ಪಠ್ಯಪುಸ್ತಕದ ಚಿತ್ರದ ಗೆರೆಯ ಮೇಲೆ ನಿಧಾನವಾಗಿ ಓಡಿಸುವರು. ಆ ಅಳತೆಯನ್ನು ನೆನಪಿಟ್ಟುಕೊಂಡು ಮಾಸ್ತರರು ಕಂಪ್ಯೂಟರಿನಲ್ಲಿ ಚುಕ್ಕೆ ಕೂಡಿಸುವರು. ಒಂದೊಂದು ಚಿತ್ರಕ್ಕೆ ಎರಡು ತಿಂಗಳು. ಮುಟ್ಟಿ ಮುಟ್ಟಿ ಕಾಗದದ ಚುಕ್ಕೆ ಸವೆದುಹೋಗುವುದರಿಂದ ಪ್ರತಿ ವರ್ಷ ಮಕ್ಕಳಿಗೆ ಹೊಸ ಪ್ರತಿ ಒತ್ತಬೇಕಿತ್ತು. ಆ ಚಿತ್ರಗಳನ್ನು ತೆರೆಯುವ ತಂತ್ರಾಂಶ ವಿಂಡೋಸ್ 98ರ ಮೇಲೆ ಮಾತ್ರ ನಡೆಯುತ್ತಿತ್ತು, ಎಂಬಾಸರಿನ ಅಗಲವಾದ ಪ್ಲಗ್ಗು ಹಳೆಯ ಕಂಪ್ಯೂಟರಿಗೆ ಮಾತ್ರ ಕೂಡುತ್ತಿತ್ತು.

ಇದೆಲ್ಲ ಈಗ ನನಗೆ ಬಾಯಿಪಾಠ. ಅವತ್ತು ನಾನು ಏನನ್ನೂ ಕೇಳಿಸಿಕೊಂಡಿರಲಿಲ್ಲ. ಮಾಸ್ತರರು ಮಾತಾಡುತ್ತಿದ್ದಷ್ಟು ಹೊತ್ತೂ ನಾನು ಮೊಬೈಲಿನಲ್ಲಿ ಗೆಳೆಯರಿಗೆ ಮೆಸೇಜು ಕುಟ್ಟುತ್ತಿದ್ದೆ. ನಡುನಡುವೆ ಬಾಯಿ ಮಾತ್ರ "ಹೌದ್ರಿ, ಹೌದ್ರಿ" ಎನ್ನುತ್ತಿತ್ತು. ಎದುರಿಗಿದ್ದವರಿಗೆ ಕಣ್ಣು ಕಾಣುತ್ತಿದ್ದರೆ ನಾನು ಹೀಗೆ ಮಾಡುತ್ತಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಇದು ಹೀಗೇ ನಡೆಯಿತು.

ಹದಿನೈದು ದಿನ ಬಿಟ್ಟು, ಒಂದು ಶನಿವಾರ ಮಧ್ಯಾಹ್ನ ಹೊಸ ಕಂಪ್ಯೂಟರುಗಳನ್ನು ತೆಗೆದುಕೊಂಡು ಹೋದೆ. ಮಾಸ್ತರರು ಅಕ್ಕನ ಮಗಳ ಕುಬಸಕ್ಕೆ, ಎಂದರೆ ಸೀಮಂತಕ್ಕೆ, ಹುಲಸೂರಿಗೆ ಹೋಗಿದ್ದರು. "ನಾಳಿ ಮುಂಜಾನಿ ಬರ್ತಾರ್ರಿ. ಅವರ ಕೋಣ್ಯಾಗಿಂದು ಅವರ ಮುಂದ ಮಾಡ್ರಿ," ಎಂದರು ಶಾಂತಾಬಾಯಿ. "ನಾಳಿ ಐತವಾರ ಬಾಯಿ, ನಾ ಬರಂಗಿಲ್ಲ" ಎಂದು ನಾನು ಒಳಗೆ ನಡೆದೆ.

ಹಳೆಯ ಕಂಪ್ಯೂಟರನ್ನು ಗುಜರಿಗೆ ಕೊಡುವ ಮೊದಲು ಅದರ ಹಾರ್ಡ್ ಡಿಸ್ಕಿನಲ್ಲಿರುವುದನ್ನು ನಕಲು ಮಾಡಿಕೊಂಡು, ನಂತರ ಡಿಸ್ಕನ್ನು ಪೂರ್ತಿ ಅಳಿಸಬೇಕು ಎಂಬುದು ನಮ್ಮ ನಿಯಮ. ಈ ನಕಲಿಗೆ ಬ್ಯಾಕಪ್ ಎನ್ನುತ್ತೇವೆ. ಕಂಪ್ಯೂಟರ್ ಚಾಲೂ ಮಾಡಿದೆ. ಅದರ ಮೂಗಿನ ದನಿ ಶುರುವಾಯಿತು. ಕಿರಿಕಿರಿಯಾಗಿ ಸ್ಪೀಕರಿನ ವೈರು ಕಿತ್ತೆ. ಪೆನ್‌ಡ್ರೈವ್ ಹಾಕಿದರೆ ವಿಂಡೋಸ್ 98 ಅದನ್ನು ಗುರುತಿಸಲೇ ಇಲ್ಲ. ಡಿಸ್ಕನ್ನು ಬಿಚ್ಚಿ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದ್ದರೆ ಒಂದು ತಾಸಿನಲ್ಲಿ ಎಲ್ಲ ನಕಲಾಗುತ್ತಿತ್ತು. ನನಗೆ ಹಸಿವಾಗಿತ್ತು. ಇಪ್ಪತ್ತು ವರ್ಷದ ಡಬ್ಬಿಯಲ್ಲಿ ಏನಿರುತ್ತದೆ ಮಣ್ಣು ಎಂದುಕೊಂಡೆ. "ಬ್ಯಾಕಪ್ ಪಡೆಯಲಾಗಿದೆ" ಎಂಬ ಮುದ್ರಿತ ಸಾಲಿನ ಮುಂದೆ ಟಿಕ್ ಹಾಕಿ, ಸಿಡಿಯಿಂದ ಅಳಿಸುವ ತಂತ್ರಾಂಶ ಓಡಿಸಿಬಿಟ್ಟೆ. ಅದು ಡಿಸ್ಕಿನ ಪ್ರತಿ ಜಾಗದಲ್ಲೂ ಸೊನ್ನೆ ತುಂಬುತ್ತದೆ. ಒಮ್ಮೆ ತುಂಬಿದ ಮೇಲೆ ಯಾವ ತಜ್ಞನಿಗೂ ಹಳೆಯದು ಸಿಗುವುದಿಲ್ಲ.

ಅದು ಓಡುತ್ತಿರುವಾಗ ಕಂಪ್ಯೂಟರಿನ ಡಬ್ಬಿಯನ್ನು ಒರೆಸತೊಡಗಿದೆ. ಮುಂಭಾಗದಲ್ಲಿ ಗೇಣುದ್ದದ ಒಂದು ಪಾರದರ್ಶಕ ಪಟ್ಟಿ ಅಂಟಿಸಿತ್ತು. ಮೇಲೆ ಏನೋ ಗುಳ್ಳೆ ಗುಳ್ಳೆ. ಹಳೆಯ ಅಂಟು ಉಬ್ಬಿದೆ ಎಂದುಕೊಂಡು ಬ್ಲೇಡಿನಿಂದ ಕೆರೆದು ತೆಗೆದು ಮೇಜಿನ ಮೇಲೆ ಒಗೆದೆ.

ಕೆಲಸ ಮುಗಿಯುವ ಹೊತ್ತಿಗೆ ಹತ್ತನೇ ತರಗತಿಯ ರೇಣುಕಾ ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಬೇಮಳಖೇಡದ ಹುಡುಗಿ, ತಾಯಿ ಕೂಲಿಗೆ ಹೋಗುತ್ತಾರೆ. ಆ ವರ್ಷ ಹತ್ತನೇ ತರಗತಿಯಲ್ಲಿ ಆರು ಮಕ್ಕಳಿದ್ದರು, ಪರೀಕ್ಷೆಗೆ ಉಳಿದದ್ದು ನಾಲ್ಕು ತಿಂಗಳಿಗೂ ಕಡಿಮೆ. ವಿಜ್ಞಾನದ ಚಿತ್ರಗಳ ಮುದ್ರಣ ಮುಂದಿನ ಸೋಮವಾರ ಶುರುವಾಗಬೇಕಿತ್ತಂತೆ. ಅದನ್ನೇ ಕೇಳಲು ಬಂದವಳ ಕೈಗೆ ಮೇಜಿನ ಮೇಲಿದ್ದ ಪಟ್ಟಿ ತಾಗಿತು. ಅವಳು ಅದನ್ನು ನೆಟ್ಟಗೆ ಮಾಡಿ, ತೋರುಬೆರಳು ಆಡಿಸಿ, ಪಾಠ ಓದುವ ರಾಗದಲ್ಲಿ ಓದಿದಳು.

"ಇದನ್ನು ಅಳಿಸಬೇಡಿ. ಚಿತ್ರಗಳೆಲ್ಲ ಇದರಲ್ಲೇ ಇವೆ. ನಾಳೆ ಬರುತ್ತೇನೆ. ಶರಣಪ್ಪ."

ಓದಿ ಮುಗಿಸಿ, "ಇದು ಇಲ್ಲಿ ಯಾಕ ಬಿದ್ದದ ಸರ್?" ಎಂದು ಕೇಳಿದಳು. ಪರದೆಯ ಮೇಲೆ ನೂರು ಪರ್ಸೆಂಟ್ ಮುಗಿದಿದೆ ಎಂದು ಬಂದಿತ್ತು. "ಏನಿಲ್ಲವ್ವ, ಹಂಗೇ" ಎಂದೆ. ಡಬ್ಬಿಯನ್ನು ವ್ಯಾನಿಗೆ ಹಾಕಿಕೊಂಡು ಹುಮನಾಬಾದಿಗೆ ಹೊರಟುಬಿಟ್ಟೆ.

ಮರುದಿನ ಬೆಳಿಗ್ಗೆ ಮಾಸ್ತರರ ಫೋನು ಬಂತು. ಐತವಾರ ಬರುವುದಿಲ್ಲ ಎಂದವನು ಓಡಿಹೋದೆ. ಅವರು ಹೊಸ ಕಂಪ್ಯೂಟರಿನ ಹಿಂಭಾಗವನ್ನು ಕೈಯಿಂದ ತಡವುತ್ತ, ಎಂಬಾಸರಿನ ಪ್ಲಗ್ಗಿಗೆ ಜಾಗ ಹುಡುಕುತ್ತಿದ್ದರು. ಇನ್ನೊಂದು ಮೇಜಿನ ಹತ್ತಿರ ರೇಣುಕಾ ನಿಂತಿದ್ದಳು.

"ಹಳೀ ಡಿಸ್ಕ್ ಎಲ್ಲದ್ರಿ ಸಾಹೇಬ್ರ?" ಎಂದು ಮಾಸ್ತರರು ಕೇಳಿದರು.

ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಸುಳ್ಳನ್ನು ಹೇಳಿದೆ. "ಡಿಸ್ಕ್ ಮೊದಲೇ ಕೆಟ್ಟಿತ್ರಿ ಮಾಸ್ತರ. ಚಾಲೂನೇ ಆಗ್ಲಿಲ್ಲ. ಹಳೀ ಮಷಿನ್ ನೋಡ್ರಿ, ಹಿಂಗೇ ಕೈ ಕೊಡ್ತಾವ."

"ಚಾಲೂ ಆಗಿತ್ತಲ್ರಿ ಸರ್," ಎಂದಳು ರೇಣುಕಾ. ಅವಳ ದನಿಯಲ್ಲಿ ಆರೋಪವಿರಲಿಲ್ಲ. ನನಗೆ ಮರೆತಿದೆ ಎಂದು ನೆನಪು ಮಾಡಿಕೊಡುತ್ತಿದ್ದಳು. "ನಿನ್ನಿ ಅದು ಮಾತಾಡಿದ್ದು ನಾ ಹೊರಗ ಕೇಳೀನಿ. ಆಮ್ಯಾಲ ಒಮ್ಮಿಗೇ ಬಂದ್ ಆತು."

ಮಾಸ್ತರರು ಪ್ಲಗ್ಗನ್ನು ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅವತ್ತು ನಾ ಹೇಳಾಕತ್ತಾಗ ನೀವು ಫೋನ್ ಕುಟ್ಟಾಕತ್ತಿದ್ರಿ," ಎಂದರು. "ಟಕಟಕ ಕೇಳಸ್ತಿತ್ತು ನನಗ. ಕೆಲಸದ ಗಡಬಡಿ ಇದ್ದೀತು, ಮರೀತಾರ ಅಂತ ಪಟ್ಟಿ ಬರದು ಅಂಟಿಸಿ ಹೋದೆ. ನಂದೂ ತಪ್ಪದ ಬಿಡ್ರಿ. ನಮ್ಮ ಸಾಲ್ಯಾಗ ಎಲ್ಲಾರೂ ಬೆರಳಲೇ ಓದ್ತಾರ. ನಿಮಗ ಓದಾಕ ಬರಂಗಿಲ್ಲ ಅಂಬೋದು ನನ್ನ ಖ್ಯಾಲಕ್ಕೇ ಬರಲಿಲ್ಲ."

ನನ್ನ ತಪ್ಪನ್ನು ಅವರು ತಮ್ಮ ತಲೆಯ ಮೇಲೆ ಹಾಕಿಕೊಂಡರು. ಆಗ ನಾನು ಅತ್ತೆ. ಸದ್ದಾಗದಂತೆ ಅಳಲು ನೋಡಿದೆ, ಆದರೆ ಆ ಕೋಣೆಯಲ್ಲಿ ಸದ್ದು ಬಚ್ಚಿಡುವುದು ಸಾಧ್ಯವಿರಲಿಲ್ಲ. "ನಾನೇ ಅಳಿಸಿದೆ ಮಾಸ್ತರ. ಬ್ಯಾಕಪ್ ತಗೀಲಿಲ್ಲ" ಎಂದು ಕೊನೆಗೂ ಹೇಳಿದೆ. ಅವರು ರೇಣುಕಾಳನ್ನು ಕರೆದು ನನಗೆ ನೀರು ಕೊಡಲು ಹೇಳಿದರು.

ಮಾಸ್ತರರ ಹತ್ತಿರ ಹನ್ನೆರಡು ಫ್ಲಾಪಿಗಳಿದ್ದವು. ಫ್ಲಾಪಿ ಎಂದರೆ ಪೆನ್‌ಡ್ರೈವ್ ಬರುವ ಮೊದಲು ಬಳಸುತ್ತಿದ್ದ ತೆಳುವಾದ ಚೌಕ ಡಿಸ್ಕು. ಅವುಗಳಲ್ಲಿ ಮೂರು ಮಾತ್ರ ತೆರೆದವು. ಪುಣ್ಯಕ್ಕೆ ತಂತ್ರಾಂಶ ಒಂದರಲ್ಲಿತ್ತು. ಚಿತ್ರ ಸಿಕ್ಕಿದ್ದು ಐದು. ಇನ್ನು ಆ ತಂತ್ರಾಂಶ ಓಡಿಸಲು ಹಳೆಯ ಕಂಪ್ಯೂಟರ್ ಬೇಕು. ಬಸವಕಲ್ಯಾಣದ ಡಬ್ಬಿಯನ್ನು ಏಜೆನ್ಸಿಯವರು ಆಗಲೇ ಗುಜರಿಗೆ ಸಾಗಿಸಿದ್ದರು. ನಾನು ಹೋದದ್ದು ಮನ್ನಾಏಖೇಳ್ಳಿಗೆ. ಅಣವೀರಪ್ಪ ಅಟ್ಟದ ಮೇಲಿಂದ ವಿಂಡೋಸ್ 98 ಇದ್ದ ಒಂದು ಹಳೆಯ ಕಂಪ್ಯೂಟರ್ ಇಳಿಸಿ ಧೂಳು ಕೊಡವಿ ಕೊಟ್ಟರು. "ಎತ್ತಿನ ಗಾಡಿ ಬೇಕಾತೇನ್ರಿ ಸಾಹೇಬ್ರ?" ಎಂದರು. ಬೇಕಾಯಿತು ಎಂದು ಒಪ್ಪಿಕೊಂಡೆ.

ಅಲ್ಲಿಂದ ಪರೀಕ್ಷೆಯವರೆಗೆ ಪ್ರತಿ ಐತವಾರ ಬಸವಕಲ್ಯಾಣಕ್ಕೆ ಹೋದೆ. ಶಾಂತಾಬಾಯಿ ಮಾಡುತ್ತಿದ್ದ ಕೆಲಸ ನಾನು ಮಾಡಿದೆ. ಮಾಸ್ತರರ ಬೆರಳು ಹಿಡಿದು ಚಿತ್ರದ ಗೆರೆಯ ಮೇಲೆ ಓಡಿಸುವುದು. ಸುಲಭವೆಂದುಕೊಂಡಿದ್ದೆ. "ಜರಾ ಸಾವಕಾಶ ಸಾಹೇಬ್ರ, ನೀವು ಓಡಾಕತ್ತೀರಿ," ಎಂದು ಅವರು ಎಷ್ಟು ಸಲ ಹೇಳಿದರೋ. ಚಿತ್ರ ಒತ್ತಿ ಬಂದ ಮೇಲೆ ರೇಣುಕಾ ಮುಟ್ಟಿ ನೋಡುವಳು. "ಇಲ್ಲಿ ದಾರಿ ಕಡದದ ಸರ್, ರಕ್ತ ಎತ್ತ ಹೋಗಬೇಕು?" ಎಂದರೆ ಮತ್ತೆ ಮೊದಲಿನಿಂದ. ಒಮ್ಮೆ ಮಾಡಿದ ಚಿತ್ರಗಳಾದ್ದರಿಂದ ಅರ್ಧ ಅಳತೆ ಮಾಸ್ತರರ ನೆನಪಿನಲ್ಲೇ ಇತ್ತು, ವಾರವಿಡೀ ರಾತ್ರಿ ಕೂತು ಅವರು ಚುಕ್ಕೆ ಕೂಡಿಸಿದರು. ಹೃದಯ, ಕಣ್ಣು, ವಿದ್ಯುತ್ ಮಂಡಲ, ಹೀಗೆ ಹೊಸದಾಗಿ ಏಳು ಚಿತ್ರ ಆದವು. ಹಳೆಯ ಐದೂ ಸೇರಿ ಹನ್ನೆರಡು. ಉಳಿದ ಮೂವತ್ತೊಂದಕ್ಕೆ ದಿನಗಳು ಸಾಲಲಿಲ್ಲ.

ಈ ನಡುವೆಯೇ ಶಾಲಿನ ಸಮಾರಂಭ ನಡೆಯಿತು. ನನ್ನ ವರದಿಯಲ್ಲಿ "ಬ್ಯಾಕಪ್ ಪಡೆಯಲಾಗಿದೆ" ಎಂಬ ಟಿಕ್ ಹಾಗೇ ಇತ್ತು. ಎದ್ದು ನಿಂತು ಅದು ಸುಳ್ಳೆಂದು ಹೇಳಬಹುದಿತ್ತು. ಹೇಳಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆ. ಹಳೆಯದಕ್ಕೆ ಅಂಟಿಕೊಂಡವರನ್ನು ಹೆದರುಪುಕ್ಕಲರೆಂದು ಆಡಿಕೊಳ್ಳುತ್ತಿದ್ದವನ ಧೈರ್ಯ ಇಷ್ಟೇ.

ನಂತರದ ವರ್ಷಗಳಲ್ಲಿ ನೂರಾರು ಹಳೆಯ ಕಂಪ್ಯೂಟರು ಬದಲಿಸಿದ್ದೇನೆ. ಬದಲಿಸಲೇಬೇಕು; ಸುರಕ್ಷತೆಯ ತಿದ್ದುಪಡಿಗಳು ನಿಂತುಹೋದ ವಿಂಡೋಸನ್ನು ಇಂಟರ್ನೆಟ್ಟಿಗೆ ಜೋಡಿಸಿ ಇಡುವುದು ಅಪಾಯ, ಅದನ್ನು ಇವತ್ತೂ ಹೇಳುತ್ತೇನೆ. ಆದರೆ ಮೊದಲು ಕೂತು ಕೇಳುತ್ತೇನೆ. ಜನ ಹಳೆಯ ವಿಂಡೋಸನ್ನು ಹಿಡಿದುಕೊಂಡಿರುವುದು ಅದರ ಮೇಲಿನ ಪ್ರೀತಿಗಲ್ಲ. ಅದರ ಮೇಲೆ ಅವರು ಕಟ್ಟಿಕೊಂಡ ಏನೋ ಒಂದು ಇರುತ್ತದೆ, ಅದನ್ನು ಹೊಸದಕ್ಕೆ ಸಾಗಿಸಿ ಕೊಡುವವರು ಬಂದಿರುವುದಿಲ್ಲ. ನಮ್ಮಂಥವರು ಬರುತ್ತೇವೆ, ಆದರೆ ನಮಗೆ ಪುರುಸೊತ್ತಿರುವುದಿಲ್ಲ. ಹೊಸ ಹುಡುಗರಿಗೆ ನಾನು ಕಲಿಸುವ ಮೊದಲ ಪಾಠ, ಡಿಸ್ಕ್ ಮುಟ್ಟುವ ಮುಂಚೆ ಮನುಷ್ಯನ ಮಾತು ಪೂರ್ತಿ ಕೇಳಿ ಎಂಬುದು. ಇದನ್ನು ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ ಮಾತು ಮರೆಸುತ್ತೇನೆ.

ವಿಜ್ಞಾನದ ಪರೀಕ್ಷೆಯ ದಿನ ಮಧ್ಯಾಹ್ನ ಕೇಂದ್ರದ ಗೇಟಿನ ಹೊರಗೆ ಕಾಯುತ್ತ ನಿಂತಿದ್ದೆ. ರೇಣುಕಾ ಶಾಂತಾಬಾಯಿಯ ಭುಜ ಹಿಡಿದುಕೊಂಡು ಹೊರಗೆ ಬಂದಳು. ಹೇಗಾಯಿತು ಎಂದು ಕೇಳಿದೆ.

"ಛಲೋ ಆತ್ರಿ ಸರ್. ಒಂದ ಪ್ರಶ್ನಿ ಬಿಟ್ಟೆ. ಹೃದಯ ಬರತದ ಅಂದ್ಕೊಂಡಿದ್ದೆ, ಮೂತ್ರಪಿಂಡದ ರಚನೆ ವಿವರಿಸು ಅಂದಿದ್ರು. ಅದನ್ನ ನಾ ಮುಟ್ಟಿದ್ದಿಲ್ಲ."

"ಇರಲಿ ಬಿಡವ್ವ" ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಆ ಮಾತನ್ನು ಹೇಳುವ ಹಕ್ಕು ಆ ಊರಿನಲ್ಲಿ ನನ್ನೊಬ್ಬನಿಗೆ ಇರಲಿಲ್ಲ.