ಅಣಬೆಯಂತೆ ಅರಳದ ಗುಂಡು

ಜುಲೈ ಬಂತೆಂದರೆ ಬಾಪ್ಪುವಿನ ಬಲಭುಜದಲ್ಲಿ ಅಂಗೈಯಗಲದ ಒಂದು ಕಲೆ ಇರುತ್ತಿತ್ತು, ನೇರಳೆಹಣ್ಣಿನ ಬಣ್ಣದ್ದು. ಕೋವಿಯ ಹಿಂಬದಿ ಒದ್ದ ಗುರುತು. ನರ್ಸ್ ಆದ ನಾನು ಐಸ್ ಇಡಲು ಹೋದರೆ, "ಬಿಡು ಮಾರಾಯ್ತಿ, ಇದು ಇರುವಷ್ಟು ದಿನ ನಾನು ಅಲ್ಲೇ ಇದ್ದ ಹಾಗೆ ಆಗ್ತದೆ" ಎನ್ನುತ್ತಿದ್ದರು. ಅಲ್ಲಿ ಎಂದರೆ ನಮೀಬಿಯಾದ ಒಂದು ಬೇಟೆಯ ಫಾರ್ಮು. ವರ್ಷದ ರಜೆ ಪೂರ್ತಿ ಅಲ್ಲಿಗೇ.

ಬಾಪ್ಪು ನನ್ನ ಅಪ್ಪನ ತಮ್ಮ. ವೀಸಾ ಮಾಡಿಸಿ ನನ್ನನ್ನು ಬಹ್ರೇನಿಗೆ ಕರೆಸಿಕೊಂಡವರು, ಬುದಯ್ಯದ ತಮ್ಮ ಮನೆಯಲ್ಲಿ ಕೋಣೆ ಕೊಟ್ಟವರು. ಅವಾಲಿಯ ತೈಲ ಕಂಪನಿಯಲ್ಲಿ ಇಂಜಿನಿಯರ್. ಕೂತಲ್ಲಿ ಕೂರುವ ಜೀವವೇ ಅಲ್ಲ. ಊಟದ ನಡುವೆ ಎದ್ದು ಗೇಟು ನೋಡಿ ಬರಬೇಕು, ಚರ್ಚಿನಲ್ಲಿ ಪೂಜೆಯ ನಡುವೆ ಹೊರಗೆ ಹೋಗಿ ಕಾರು ನೋಡಿ ಬರಬೇಕು. ಇಂಥವರು ಒಂದು ಪ್ರಾಣಿಗಾಗಿ ಅರ್ಧ ದಿನ ಪೊದೆಯ ಹಿಂದೆ ಅಲುಗಾಡದೆ ಇರುತ್ತಾರೆಂದರೆ ನನಗೆ ಇವತ್ತಿಗೂ ನಂಬಿಕೆಯಿಲ್ಲ.

ನಡುಮನೆಯ ಕಪಾಟಿನಲ್ಲಿ ಪ್ರಾಣಿಗಳ ಮೈಯಿಂದ ತೆಗೆದ ಗುಂಡುಗಳಿದ್ದವು. ಊಟಕ್ಕೆ ಬಂದವರ ಕೈಗೆ ಒಂದನ್ನು ಕೊಟ್ಟು ಶುರುಮಾಡುತ್ತಿದ್ದರು: "ದೊಡ್ಡ ಪ್ರಾಣಿಗೆ ಗುಂಡು ಅರಳ್ಬೇಕು, ಆದ್ರೆ ಒಡೀಬಾರ್ದು. ಅರಳದಿದ್ರೆ ಸೂಜಿ ಹಾಗೆ ತೂರಿ ಹೋಗ್ತದೆ. ಒಡೆದ್ರೆ ಭುಜದ ಎಲುಬಿನಲ್ಲೇ ಚೂರು ಚೂರು, ಶ್ವಾಸಕೋಶಕ್ಕೆ ಮುಟ್ಟುದೇ ಇಲ್ಲ. ಪಾಪದ್ದು ಎಲ್ಲಿಗೋ ಹೋಗಿ ನರಳಿ ಸಾಯ್ತದೆ. ಇದು ನೋಡಿ, ಮುಂದಿನ ಅರ್ಧ ಅಣಬೆ ಹಾಗೆ ಬಿಚ್ಚಿದೆ, ಹಿಂದಿನ ಅರ್ಧ ಗಟ್ಟಿ ಉಂಟು. ತೂಕ ಹೋಗ್ಲಿಲ್ಲ. ಅದಕ್ಕೇ ಎಲುಬು ಮುರಿದು ಒಳಗೆ ಹೋದದ್ದು."

"ಮೀನು ತಣ್ಣಗಾಯ್ತು, ನಿಮ್ಮ ಅಣಬೆ ಸಾಕು," ಎಂದು ಮಾವ್ಶಿ, ಅಂದರೆ ಅವರ ಹೆಂಡತಿ, ಅಡುಗೆಮನೆಯಿಂದ ಕೂಗಿ ಮಿಕ್ಸಿ ಹಾಕಿಬಿಡುತ್ತಿದ್ದರು. ಅವರಿಗೆ ಕೋವಿಯ ಹೆಸರೆತ್ತಿದರೆ ಆಗುತ್ತಿರಲಿಲ್ಲ.

ಕೊನೆಯ ಸಲ ಹೋದಾಗ ಬಾಪ್ಪು ತರಿಸಲು ಹೇಳಿದ್ದ ಗುಂಡು ಫಾರ್ಮಿಗೆ ಇನ್ನೂ ತಲುಪಿರಲಿಲ್ಲ. ಎರಡು ದಿನ ಕಾಯಿರಿ ಎಂದನಂತೆ ಮಾಲೀಕ. ಇವರು ಕಾಯುವ ಪೈಕಿಯೇ? ಅಲ್ಲಿದ್ದ, ಎಲುಬಿಗೆ ತಾಗಿದರೆ ಒಡೆಯುವ ತೆಳು ಕವಚದ, ಸಣ್ಣ ಜಿಂಕೆಗೆ ಹೊಡೆಯುವ ಗುಂಡನ್ನೇ ತುಂಬಿಕೊಂಡು ಹೊರಟರು. ಎದುರಾದದ್ದು ಈಲಾಂಡ್ ಎಂಬ ಜಿಂಕೆಜಾತಿಯ ಪ್ರಾಣಿ, ಕೋಣದಷ್ಟು ದೊಡ್ಡ ಗಂಡು. ಹತ್ತಿರದಿಂದ ಭುಜಕ್ಕೇ ಹೊಡೆದರು. ಅದು ಮುಗ್ಗರಿಸಿತು, ನಿಂತಿತು, ಮುಳ್ಳುಪೊದೆಯೊಳಗೆ ನಡೆದುಹೋಯಿತು. ರಜೆ ಮುಗಿಯುವವರೆಗೂ ಹುಡುಕಿದರು. ಕಲ್ಲುನೆಲದಲ್ಲಿ ರಕ್ತದ ಗುರುತೂ ತಪ್ಪಿತು, ಹೆಜ್ಜೆಯೂ ತಪ್ಪಿತು.

ಬಂದ ಮೇಲೆ ಕಪಾಟು ತೆರೆಯಲೇ ಇಲ್ಲ. ಶುಕ್ರವಾರ ಬಂದರೆ ಫಾರ್ಮಿಗೆ ಫೋನು. "ಬದುಕಿದ್ಯಾ ಸತ್ತಿದ್ಯಾ, ಅಷ್ಟು ಗೊತ್ತಾದ್ರೆ ಸಾಕು ನನಗೆ" ಎಂದು ನಡುಮನೆಯಿಂದ ಗೇಟಿಗೆ, ಗೇಟಿನಿಂದ ನಡುಮನೆಗೆ ನಡೆಯುತ್ತಿದ್ದರು. ಊರಿಗೆಲ್ಲ ಪಾಠ ಹೇಳುವವರಿಗೆ ಎರಡು ದಿನ ಕಾಯಲು ಏನು ಧಾಡಿಯಾಗಿತ್ತು ಎಂದು ನನಗೆ ಸಿಟ್ಟು ಬರುತ್ತಿತ್ತು. ಆದರೆ ಮುಖ ನೋಡಿ, ಬೈಯುವ ಬದಲು ಚಹಾ ಮಾಡಿಕೊಡುತ್ತಿದ್ದೆ.

ಚಳಿಗಾಲದಲ್ಲಿ ಅವರ ಹೃದಯ ಸೋಲತೊಡಗಿತು. ಸಲ್ಮಾನಿಯಾ ಆಸ್ಪತ್ರೆಯಲ್ಲಿ, ನಾನು ಕೆಲಸ ಮಾಡುವ ವಾರ್ಡಿಗೇ ಬಂದರು. ವಿಶ್ರಾಂತಿ ಬೇಕೇ ಬೇಕು ಎಂದರು ಡಾಕ್ಟರು. ಇವರು ಮೂಗಿನ ನಳಿಕೆ ಕಿತ್ತು ಏಳಲು ನೋಡುವುದು, "ಫೋನ್ ಬಂತಾ?" ಎನ್ನುವುದು. ಉಸಿರಿಗಿಂತ ಅದೇ ಚಿಂತೆ.

ಒಂದು ಮಧ್ಯಾಹ್ನ ಮಾವ್ಶಿ ಗಂಜಿ ತಂದರು. ಕುರ್ಚಿ ಎಳೆದು ಕೂತು, "ಫೋನ್ ಬಂದಿತ್ತು. ನಿಮ್ಮ ಪ್ರಾಣಿ ಸಿಕ್ಕಿತಂತೆ. ಆ ಪೊದೆಯ ಆಚೆಯೇ ಬಿದ್ದಿತ್ತಂತೆ, ಅವತ್ತೇ ಸತ್ತದ್ದಂತೆ" ಎಂದರು.

ಬಾಪ್ಪುವಿನ ಫೋನು ನನ್ನ ಜೇಬಿನಲ್ಲೇ ಇತ್ತು. ಯಾವ ಕರೆಯೂ ಬಂದಿರಲಿಲ್ಲ.

"ಗುಂಡು?" ಎಂದರು ಬಾಪ್ಪು.

"ಶ್ವಾಸಕೋಶ ದಾಟಿ ಆಚೆ ಚರ್ಮದ ಅಡಿಯಲ್ಲಿ ಇತ್ತಂತೆ. ಮುಂದಿನ ಅರ್ಧ ಅಣಬೆ ಹಾಗೆ ಬಿಚ್ಚಿ, ಹಿಂದಿನ ಅರ್ಧ ಗಟ್ಟಿ. ತೂಕ ಸ್ವಲ್ಪವೂ ಹೋಗ್ಲಿಲ್ಲಂತೆ."

ಇಷ್ಟು ವರ್ಷ ಮಿಕ್ಸಿಯ ಸದ್ದಿನಲ್ಲೂ ಮಾವ್ಶಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಬಾಪ್ಪು ಹೆಂಡತಿಯನ್ನು ತುಂಬ ಹೊತ್ತು ನೋಡಿದರು. "ಹೌದಾ? ಒಳ್ಳೇದಾಯ್ತು" ಎಂದು ಗಂಜಿಯನ್ನು ಪೂರ್ತಿ ಕುಡಿದರು. ಮಾವ್ಶಿ ಡಬ್ಬಿ ತೊಳೆಯಲು ಹೋದಾಗ ನನ್ನನ್ನು ಹತ್ತಿರ ಕರೆದರು.

"ಆ ಪೊಟ್ಟು ಗುಂಡು ಹಾಗೆ ಅರಳ್ಲಿಕ್ಕೆ ಸಾಧ್ಯವೇ ಇಲ್ಲ. ಅವಳಿಗೆ ಹೇಳ್ಬೇಡ."

ಹೊದಿಕೆಯೊಳಗೆ ಅವರ ಕಾಲು ಅಲುಗಾಡುತ್ತಲೇ ಇತ್ತು. ಆದರೆ ಮತ್ತೆ ಫೋನಿನ ಸುದ್ದಿ ಎತ್ತಲಿಲ್ಲ. ಅದೇ ವಾರ ತೀರಿಕೊಂಡರು.

ಪ್ರಾರ್ಥನೆಗೆ ಬಂದವರೆಲ್ಲ ಹೋದ ಮೇಲೆ ಮಾವ್ಶಿ ಅಡುಗೆಮನೆಯಲ್ಲಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ನಾನು ಹೇಳಿದ್ದು ಅವರು ನಂಬಿದ್ರಲ್ವಾ? ನಿನ್ನತ್ರ ಏನಾದ್ರೂ ಹೇಳಿದ್ರಾ?"

"ನಂಬಿದ್ರು ಮಾವ್ಶಿ," ಎಂದೆ. "ಏನೂ ಹೇಳ್ಲಿಲ್ಲ."