ಆಷಾಢದ ಗಾಳಿ ನಂಬಿ ಹಾಯಿದೋಣಿ ಹತ್ತಕ್ಕೆ ಹೊರಟ ನಮ್ಮಣ್ಣ

ಇವತ್ತಿಗೂ ನೆನೆಸ್ಕೊಂಡ್ರೆ ಮೈ ಉರಿಯುತ್ತೆ ಕಣ್ರೀ.

ನಮ್ದು ಮದುವೆ ನಂಬ್ಕೊಂಡಿರೋ ಮನೆ. ಅಣ್ಣಂಗೆ ಕಾಮಾಕ್ಷಿಪಾಳ್ಯದಲ್ಲಿ ಶಾಮಿಯಾನ ಅಂಗಡಿ. ನಾನು ಚಂದ್ರಾ ಲೇಔಟ್‌ನಲ್ಲಿ ಮದುಮಗಳಿಗೆ ಮೇಕಪ್ ಮಾಡೋಳು. ಹಂಗಾಗಿ ನಮಗೆ ಉದ್ದ ರಜ ಸಿಗೋದು ಮದುವೆ ನಿಂತಿರೋವಾಗ ಮಾತ್ರ. ಆಷಾಢ, ಇಲ್ಲಾಂದ್ರೆ ಧನುರ್ಮಾಸ.

ನಂದೊಂದು ಆಸೆ ಇತ್ತು. ಹಾಯಿದೋಣೀಲಿ ಕಾರವಾರದಿಂದ ಗೋಕರ್ಣದ ತನಕ ದಡ ಹಿಡ್ಕೊಂಡು ಹೋಗ್ಬೇಕು, ಅಣ್ಣ, ಅತ್ತಿಗೆ, ನಾನು. ಅಲ್ಲಿನ ದೋಣಿಯವರ ಜೊತೆ ಫೋನಲ್ಲಿ ಎಲ್ಲಾ ಮಾತಾಡಿದ್ದೆ.

"ಡಿಸೆಂಬರ್ ಕೊನೆಗೆ ಬನ್ನಿ ಅಕ್ಕಾ. ಬೆಳಿಗ್ಗೆ ಗಾಳಿ ನೆಲದಿಂದ ಸಮುದ್ರಕ್ಕೆ ಬೀಸ್ತದೆ, ದೋಣಿ ಸಲೀಸಾಗಿ ಹೊರಗೆ ಹೋಗ್ತದೆ. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಬರ್ತದೆ. ನೀವು ದಕ್ಷಿಣಕ್ಕೆ ಹೋಗೋರು, ಹಿಂದಿನಿಂದ ತಳ್ತದೆ."

ಇದನ್ನ ಅಣ್ಣಂಗೆ ಹತ್ತು ಸಲ ಹೇಳಿದೀನಿ. ಹತ್ತು ಸಲ!

ಒಂದಿನ ಅಂಗಡಿಗೆ ಹೋದ್ರೆ ಹಲ್ಲು ಕಿರೀತಾ ಅಂತಾನೆ, "ಬರೋ ವಾರಕ್ಕೆ ಟಿಕೆಟ್ ಹಾಕ್ಸಿದೀನಿ ಕಣೇ, ಮೂರು ಜನಕ್ಕೂ."

"ಆಷಾಢದಲ್ಲಾ? ತಲೆ ನೆಟ್ಟಗಿದ್ಯಾ ನಿಂಗೆ?"

"ಮೇಲ್ ನೋಡು." ರಾಜಾಜಿನಗರದ ಕಡೆ ಆಕಾಶದ ತುಂಬ ಗಾಳಿಪಟ. "ಹಾಯಿಗೆ ಏನ್ ಬೇಕು? ಗಾಳಿ. ಗಾಳಿ ಯಾವಾಗ? ಆಷಾಢ. ಇಪ್ಪತ್ತೈದು ವರ್ಷದಿಂದ ಗಾಳಿಗೆ ಬಟ್ಟೆ ಕಟ್ತಾ ಇದೀನಿ, ನಂಗೇ ಹೇಳ್ಕೊಡ್ತೀಯಾ?"

"ಅದೇ ಗಾಳಿ ಅಲ್ವಾ, ಹೋದ್ವರ್ಷ ತಿಥಿಗೆ ಕಟ್ಟಿದ್ದ ನಿನ್ ಶಾಮಿಯಾನ ಎತ್ಕೊಂಡೋಗಿ ಪಕ್ಕದ್ಮನೆ ವಾಟರ್ ಟ್ಯಾಂಕ್ ಮೇಲೆ ಹಾಕಿದ್ದು?"

ಅತ್ತಿಗೆ ಒಳಗಿಂದ, "ಇವ್ರಿಗೆ ಹೇಳೋ ಬದ್ಲು ಆ ಕಂಬಕ್ಕೆ ಹೇಳಮ್ಮ."

ನಮ್ಮೂರಿಗೆ ಬರೋ ಹೊತ್ತಿಗೆ ಆ ಗಾಳಿ ಘಟ್ಟದಲ್ಲೇ ಮಳೆ ಸುರಿದು ಹಗುರ ಆಗಿರುತ್ತೆ, ಮಕ್ಕಳು ಪಟ ಹಾರಿಸ್ತಾರೆ. ಕರಾವಳೀಲಿ ಅದೇ ಗಾಳಿ ನೈಋತ್ಯದಿಂದ ನೆಟ್ಟಗೆ ಮುಖಕ್ಕೆ ಹೊಡೆಯುತ್ತೆ, ಅಲೆ ಸಮೇತ. ಇಷ್ಟು ಹೇಳಿದ್ರೆ ಇವನದು ಒಂದೇ ರಾಗ: "ಟ್ರಾವೆಲ್ಸ್ ಅವ್ನು ಬನ್ನಿ ಸಾರ್ ಅಂದ." ಅವನು ಬೇಡ ಅಂತಾನಾ!

ನಾನು ಹೋಗಿದ್ದು ಭಯಕ್ಕೆ. ಯಾವನನ್ನಾದ್ರೂ ಪುಸಲಾಯಿಸಿ ಅತ್ತಿಗೇನ ಸಮುದ್ರಕ್ಕೆ ಇಳಿಸಿಬಿಟ್ರೆ?

ಅಲ್ಲಿ ದೋಣಿಗಳೆಲ್ಲ ದಡದ ಮೇಲೆ ತೆಂಗಿನ ಗರಿ ಹೊದ್ಕೊಂಡು ಮಲಗಿದ್ವು. ನಾನು ಫೋನಲ್ಲಿ ಮಾತಾಡಿದ್ದ ದೋಣಿಯವರು ನನ್ನ ದನಿ ಗುರುತು ಹಿಡಿದು, "ನೀವು ಅಕ್ಕಾ? ನಿಮಗೆ ಗೊತ್ತಿತ್ತಲ್ಲ!" ಅಂದ್ರು. ನಾಚಿಕೆಗೆ ಭೂಮಿಗಿಳಿದು ಹೋದೆ. ಅಣ್ಣ ಬಿಡ್ಬೇಕಲ್ಲ, "ಒಂಚೂರು ದೂರ ಹೋಗ್ಬರೋಣ ಸಾರ್" ಅಂದ. ಅವರು ಅಲೆ ಕಡೆ ಕೈ ತೋರಿಸಿ ಹೊರಟೇಹೋದ್ರು.

ಮೂರು ದಿನ ಲಾಡ್ಜಲ್ಲಿ ಒದ್ದೆ ಬಟ್ಟೆ ವಾಸನೆ. ವಾಪಸ್ ಬರ್ತಾ ಬಸ್ಸಲ್ಲಿ ಅಣ್ಣ, "ಈ ಸಲ ವೆದರ್ ಕೈ ಕೊಡ್ತು ಕಣೇ."

ಬಸ್ಸಿಗೆ ಬಸ್ಸೇ ತಿರುಗಿ ನೋಡೋ ಹಂಗೆ ಕೂಗ್ದೆ. "ಈ ಸಲ ಅಲ್ಲ ಕಣೋ, ಪ್ರತಿ ಸಲ! ನೂರು ವರ್ಷ ಬಂದ್ರೂ ಆಷಾಢದ ಸಮುದ್ರ ಹಿಂಗೇ!"

ಧನುರ್ಮಾಸ ಹತ್ರ ಬಂದಾಗ ಮತ್ತೆ ಕೇಳ್ದೆ. "ವರ್ಷಕ್ಕೆ ಎರಡು ಸಲ ಅಂಗಡಿ ಮುಚ್ಚಕ್ಕಾಗಲ್ಲ, ಮುಂದಿನ ಆಷಾಢಕ್ಕೆ ನೋಡೋಣ" ಅಂದ. ಮುಂದಿನ ಆಷಾಢ! ಜಗಳಾನೂ ಆಡ್ಲಿಲ್ಲ. ಅತ್ತಿಗೆಗೆ ಬಟ್ಟೆ ತುಂಬ್ಕೊಳಿ ಅಂದೆ, ಇಬ್ರೂ ಹೊರಟ್ವಿ.

ದೋಣಿಯವರು ಹೇಳಿದ್ದಂಗೇ ಆಯ್ತು. ಮಧ್ಯಾಹ್ನ ಗಾಳಿ ತಿರುಗ್ತು, ಹಾಯಿ ಉಬ್ಬಿ ನಿಲ್ತು, ಅತ್ತಿಗೆ ಬಾಯಿಬಿಟ್ಕೊಂಡು ನಗ್ತಾ ಇದ್ರು. ಅಷ್ಟೊತ್ತಿಗೆ ಅಣ್ಣನ ಫೋನು.

"ನನ್ನ ಬಿಟ್ಟು ಹೋದ್ರಲ್ಲೇ."

"ಅಂಗಡಿ ತೆಗ್ದಿದ್ಯಾ?"

"ತೆಗ್ದಿದೀನಿ. ಬೆಳಿಗ್ಗೆಯಿಂದ ಒಬ್ಬನೂ ಬಂದಿಲ್ಲ."

"ಮದುವೇನೇ ಇಲ್ಲದ ತಿಂಗಳಲ್ಲಿ ಯಾರು ಬರ್ತಾರೋ?" ಅಂದು ಫೋನ್ ಕಟ್ ಮಾಡ್ದೆ.